ಎಸರಿಗೆ ಯಾವ ನಲ್ಲಿಯ ನೀರು

ಅಡುಗೆಮನೆಯ ಸಿಂಕಿಗೆ ಈಗ ಎರಡು ಬಗೆಯ ನೀರು ಬರುತ್ತದೆ. ಎಡಗಡೆಯದು ಬಿಸಿ, ಬಲಗಡೆಯದು ತಣ್ಣೀರು. ಹೊಸ ಮನೆಗಳಲ್ಲಿ ಒಂದೇ ಹಿಡಿಯ ಮಿಕ್ಸರ್ ಇರುವುದರಿಂದ ಎರಡೂ ಒಂದೇ ಮೂತಿಯಿಂದ ಬೀಳುತ್ತವೆ. ಹಿಡಿ ನಡುವೆ ನಿಂತಿದ್ದರೆ ಬೆರೆತೇ ಬರುತ್ತವೆ. ಕೈಗೆ ಗೊತ್ತಾಗುವ ವ್ಯತ್ಯಾಸ ಶಾಖದ್ದೊಂದೇ. ಆದರೆ ಬಿಸಿನೀರು ಹಾದುಬಂದ ದಾರಿ ಬೇರೆ, ತಂಗಿದ ಜಾಗ ಬೇರೆ, ಅಲ್ಲಿ ಕಳೆದ ಹೊತ್ತೂ ಬೇರೆ. ಬೆಳಗಿನ ಗಡಿಬಿಡಿಯಲ್ಲಿ ಅನ್ನಕ್ಕೆ ಎಸರಿಡುವವರು, ಡಿಕಾಕ್ಷನ್‌ಗೆ ನೀರು ಕಾಯಿಸುವವರು, ಹೇಗೂ ಅರ್ಧ ಕಾದಿದೆಯಲ್ಲ ಎಂದು ಎಡಗಡೆಯ ನೀರನ್ನೇ ಪಾತ್ರೆಗೆ ಹಿಡಿಯುವುದುಂಟು. ಗ್ಯಾಸು ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ನೋಡಲು ಇದಕ್ಕಿಂತ ಜಾಣತನದ ಕೆಲಸ ಇನ್ನೊಂದಿಲ್ಲ. ಆದರೂ ಹಲವು ದೇಶಗಳ ಆರೋಗ್ಯ ಇಲಾಖೆಗಳು ಇದನ್ನು ಬೇಡವೆನ್ನುತ್ತವೆ.

ಬೆಂಗಳೂರಿನ ಒಂದು ಸಾಧಾರಣ ಸ್ವಂತ ಮನೆಯನ್ನೇ ತೆಗೆದುಕೊಳ್ಳಬಹುದು. ಕಾವೇರಿ ನೀರಾಗಲಿ, ಬೋರ್ ನೀರಾಗಲಿ, ಟ್ಯಾಂಕರಿನದಾಗಲಿ ಮೊದಲು ಬೀಳುವುದು ನೆಲದಡಿಯ ಸಂಪಿಗೆ. ಮೋಟಾರು ಅದನ್ನು ತಾರಸಿಯ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿನಿಂದ ಒಂದು ಪೈಪು ನೇರವಾಗಿ ತಣ್ಣೀರಿನ ನಲ್ಲಿಗಿಳಿಯುತ್ತದೆ. ಇನ್ನೊಂದು ಪೈಪು ಪಕ್ಕದ ಸೋಲಾರ್‌ಗೆ ಹೋಗುತ್ತದೆ. ಆ ನೀರು ಗಾಜಿನ ಕೊಳವೆಗಳಲ್ಲೋ ತಾಮ್ರದ ಕೊಳವೆಗಳಲ್ಲೋ ಕಾದು, ಶಾಖ ಆರದಂತೆ ದಪ್ಪ ಹೊದಿಕೆ ಹೊದ್ದ ಸಿಲಿಂಡರಿನಲ್ಲಿ ಶೇಖರವಾಗಿ, ಬೇಕೆಂದಾಗ ಬಚ್ಚಲಿಗೂ ಅಡುಗೆಮನೆಗೂ ಇಳಿಯುತ್ತದೆ. ಸೋಲಾರ್ ಹಾಕಿಸಿದವರಿಗೆ ಬೆಸ್ಕಾಂ ಬಹುಕಾಲ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟಿತು. ಬೆಂಗಳೂರಿನ ತಾರಸಿಗಳ ಮೇಲೆ ಸಾಲಾಗಿ ನಿಂತ ಸಿಲಿಂಡರುಗಳು ಹೀಗೆ ಬಂದವು. ಮೊದಲು ಬಚ್ಚಲಿಗಷ್ಟೇ ಸೀಮಿತವಾಗಿದ್ದ ಬಿಸಿನೀರಿನ ಪೈಪು ಮನೆ ಕಟ್ಟುವಾಗಲೇ ಅಡುಗೆಮನೆಯ ಗೋಡೆಯೊಳಕ್ಕೂ ಹೊಕ್ಕಿತು.

ಅಂದರೆ ತಾರಸಿಯವರೆಗೆ ಎರಡೂ ನೀರು ಒಂದೇ. ಸಂಪಿನ ಕೆಸರು, ಟ್ಯಾಂಕಿನ ಪಾಚಿ, ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗೆ ಬಿದ್ದ ಹಲ್ಲಿ, ಪಾರಿವಾಳದ ಗರಿ, ಇವೆಲ್ಲ ಎರಡಕ್ಕೂ ಸಮಪಾಲು. ಬೇರೆಯಾಗುವುದು ಸಿಲಿಂಡರಿನ ಬಾಗಿಲಲ್ಲಿ.

ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಎರಡೂ ನೀರು ಇದಕ್ಕೂ ಮುಂಚೆಯೇ ಬೇರೆಯಾಗುತ್ತಿದ್ದವು. ಅಡುಗೆಮನೆಯ ತಣ್ಣೀರಿನ ನಲ್ಲಿ ಬೀದಿಯ ಕೊಳಾಯಿಗೇ ನೇರ ಜೋಡಣೆ. ಬಿಸಿನೀರು ಮಾತ್ರ ಅಟ್ಟದ ಮೇಲಿನ ತೊಟ್ಟಿಯಿಂದ ಬಾಯ್ಲರಿಗಿಳಿದು ಬರುತ್ತಿತ್ತು. ಆ ತೊಟ್ಟಿಗೆ ಎಷ್ಟೋ ಮನೆಗಳಲ್ಲಿ ಮುಚ್ಚಳವೂ ಇರುತ್ತಿರಲಿಲ್ಲ. ಸತ್ತ ಪಾರಿವಾಳ, ಸತ್ತ ಇಲಿ ಸಿಕ್ಕ ಕಥೆಗಳನ್ನು ಅಲ್ಲಿನ ಪ್ಲಂಬರ್‌ಗಳು ಇವತ್ತಿಗೂ ಹೇಳುತ್ತಾರೆ. ತೊಟ್ಟಿಯ ನೀರು ಹಿಂದಕ್ಕೆ ನುಗ್ಗಿ ಊರಿನ ಕೊಳಾಯಿಯನ್ನು ಕೆಡಿಸಬಾರದೆಂದು ಎರಡನ್ನೂ ಬೇರೆಬೇರೆ ಇಡುವ ನಿಯಮಗಳಿದ್ದವು. ಬ್ರಿಟಿಷರ ಸಿಂಕಿನಲ್ಲಿ ಒಂದು ಮೂಲೆಗೆ ಕೈ ಸುಡುವ ನಲ್ಲಿ, ಇನ್ನೊಂದು ಮೂಲೆಗೆ ಕೈ ಕೊರೆಯುವ ನಲ್ಲಿ ಇರುವುದನ್ನು ಕಂಡು ನಗುವ ಪ್ರವಾಸಿಗರಿಗೆ ಇದು ಗೊತ್ತಿರುವುದಿಲ್ಲ. ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಂತೂ ಎರಡರ ಮೂಲವೇ ಬೇರೆ. ತಣ್ಣೀರು ಊಟೆಯಿಂದ ಬರುವ ಶುದ್ಧ ನೀರು. ಬಿಸಿನೀರು ಭೂಮಿಯ ಒಡಲಿನ ಶಾಖದ್ದು. 1930ರಿಂದ ಆ ಊರಿನ ಮನೆಗಳನ್ನು ಬೆಚ್ಚಗಿಡುತ್ತಿರುವ ಅದಕ್ಕೆ ಗಂಧಕದ ವಾಸನೆ. ಅಲ್ಲಿನವರು ಅದರಲ್ಲಿ ಸ್ನಾನ ಮಾಡುತ್ತಾರೆ. ಕುಡಿಯುವ ಲೋಟ ಹಿಡಿಯುವ ಮುಂಚೆ ನಲ್ಲಿಯನ್ನು ತಣ್ಣೀರಿಗೆ ತಿರುಗಿಸಿ ಸ್ವಲ್ಪ ಹೊತ್ತು ಹರಿಯಬಿಡುತ್ತಾರೆ.

ಬಿಸಿಯಾದ ನೀರು ಹೆಚ್ಚು ಕರಗಿಸಿಕೊಳ್ಳುತ್ತದೆ ಎಂಬುದು ಪಾನಕ ಮಾಡಿದವರಿಗೆಲ್ಲ ಗೊತ್ತು; ತಣ್ಣೀರಿನಲ್ಲಿ ಬೆಲ್ಲ ಕರಗಿಸಲು ಕೈ ಸೋಲುತ್ತದೆ. ಲೋಹಕ್ಕೂ ಇದೇ ಮಾತು ಸಲ್ಲುತ್ತದೆ. ಪೈಪಿನ ಒಳಮೈಯನ್ನು ನೀರು ತಿನ್ನುವ ವೇಗ ಶಾಖದೊಂದಿಗೆ ಏರುತ್ತದೆ, ನಿಂತ ಹೊತ್ತಿನೊಂದಿಗೂ ಏರುತ್ತದೆ. ಕಬ್ಬಿಣ ಕರಗಿದರೆ ನೀರು ಕೆಂಪಾಗುತ್ತದೆ, ತಾಮ್ರ ಕರಗಿದರೆ ಸಿಂಕಿನಲ್ಲಿ ಹಸಿರು ಕಲೆ ಕೂರುತ್ತದೆ. ಇವು ಕಣ್ಣಿಗೆ ಕಾಣುವಂಥವು, ಬಾಯಿಗೆ ರುಚಿ ತಿಳಿಯುವಂಥವು. ಸೀಸ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿಗೆ ಸುರಕ್ಷಿತ ಮಿತಿ ಎಂಬುದೇ ಇಲ್ಲವೆಂದು ವೈದ್ಯರು ಒಪ್ಪಿದ್ದಾರೆ. ಕುದಿಸಿದರೆ ಅದು ಹೋಗುವುದೂ ಇಲ್ಲ. ಕುದಿಯುವಾಗ ಆರಿಹೋಗುವುದು ನೀರು. ಸೀಸ ಉಳಿದ ನೀರಿನಲ್ಲೇ ಇನ್ನಷ್ಟು ದಟ್ಟವಾಗುತ್ತದೆ. ಕುದಿಸಿದ ಮೇಲೆ ಯಾವ ನೀರಾದರೇನು ಎಂಬ ನಂಬಿಕೆ ರೋಗಾಣುಗಳ ಮಟ್ಟಿಗೆ ಸರಿ; ಲೋಹದ ಮಟ್ಟಿಗೆ ತಲೆಕೆಳಗು.

ಸೀಸದ ಕೊಳವೆ ಒಳ್ಳೆಯದಲ್ಲ ಎಂಬ ಮಾತು ಹೊಸದೇನಲ್ಲ. ರೋಮಿನ ವಾಸ್ತುಕಾರ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರು ಆರೋಗ್ಯಕರ ಎಂದು ಬರೆದಿಟ್ಟ. ಓದಿದವರು ಓದಿ ಸುಮ್ಮನಾದರು. ಯುರೋಪು, ಅಮೆರಿಕದ ಊರುಗಳು ಇಪ್ಪತ್ತನೆಯ ಶತಮಾನದವರೆಗೂ ಸೀಸವನ್ನೇ ನೆಲದಲ್ಲಿ ಹೂಳುತ್ತ ಹೋದವು. ಅಮೆರಿಕ ಸೀಸದ ಪೈಪು ಮತ್ತು ಸೀಸದ ಬೆಸುಗೆಯನ್ನು ನಿಷೇಧಿಸಿದ್ದು 1986ರಲ್ಲಿ. ಆಗಲೂ ನಲ್ಲಿ, ವಾಲ್ವುಗಳಲ್ಲಿ ಶೇಕಡ 8ರವರೆಗೆ ಸೀಸವಿದ್ದರೂ ಅವನ್ನು ಸೀಸರಹಿತ ಎಂದು ಮಾರಬಹುದಾಗಿತ್ತು. ಆ ಮಿತಿ ಶೇಕಡ 0.25ಕ್ಕೆ ಇಳಿದದ್ದು 2014ರ ಜನವರಿಯಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ಖರ್ಚು ಉಳಿಸಲು ನೀರಿನ ಮೂಲವನ್ನು ಬದಲಿಸಿ ಫ್ಲಿಂಟ್ ನದಿಯ ನೀರನ್ನು ಹರಿಸಿತು. ಪೈಪು ಸವೆಯದಂತೆ ತಡೆಯುವ ರಾಸಾಯನಿಕವನ್ನು ಅದಕ್ಕೆ ಸೇರಿಸಲಿಲ್ಲ. ಹಳೆಯ ಪೈಪುಗಳ ಸೀಸ ಮನೆಮನೆಯ ಲೋಟಕ್ಕೆ ಬಂತು, ಮಕ್ಕಳ ರಕ್ತದಲ್ಲಿ ಕಾಣಿಸಿಕೊಂಡಿತು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ ಈ ಹಿನ್ನೆಲೆಯದು. ಕುಡಿಯಲು, ಅಡುಗೆಗೆ, ಮಗುವಿನ ಪುಡಿಹಾಲು ಕಲಸಲು ತಣ್ಣೀರಿನ ನಲ್ಲಿಯ ನೀರನ್ನಷ್ಟೇ ಬಳಸಿ, ಬಿಸಿ ಬೇಕಾದರೆ ಅದನ್ನೇ ಕಾಯಿಸಿಕೊಳ್ಳಿ ಎಂದು ಅದು ಹೇಳುತ್ತದೆ. ಇದು ಕನ್ನಡದ ಮನೆಗಳಿಗೂ ಸಂಬಂಧಪಟ್ಟ ಮಾತು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಷಿಕಾಗೋಗೋ ಹೋಗುವ ತಾಯಂದಿರಿಗೆ ಅಲ್ಲಿನ ಅಡುಗೆಮನೆಯಲ್ಲಿ ಮೊದಲು ಹಿಡಿಸುವುದೇ ತಿರುಗಿಸಿದೊಡನೆ ಹೊಗೆಯಾಡುವ ಬಿಸಿನೀರು. ನಡುರಾತ್ರಿ ಮಗು ಅತ್ತಾಗ ಬಾಟಲಿಗೆ ಅದೇ ನೀರು ಹಿಡಿಯುವುದು ಎಷ್ಟು ಸಲೀಸೋ ಅಷ್ಟೇ ತಪ್ಪು. ಎಳೆಯ ಮಗುವಿನ ಇಡೀ ಆಹಾರ ಆ ನೀರಿನಲ್ಲೇ ಕಲಸಿದ್ದು. ತೂಕಕ್ಕೆ ಹೋಲಿಸಿದರೆ ಅದು ದೊಡ್ಡವರಿಗಿಂತ ಎಷ್ಟೋ ಹೆಚ್ಚು ನೀರು ಕುಡಿಯುತ್ತದೆ.

ನಮ್ಮ ಊರುಗಳಲ್ಲಿ ಸೀಸದ ಪೈಪು ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪಾಶ್ಚಾತ್ಯ ನಗರಗಳ ಮಟ್ಟದಲ್ಲಿ ಇಲ್ಲ. ಆದರೆ ಸೀಸ ಪೈಪಿನ ವೇಷದಲ್ಲಷ್ಟೇ ಬರುವುದಿಲ್ಲ. ಲೇತಿನಲ್ಲಿ ಸುಲಭವಾಗಿ ಕೊರೆಯಲು ಬರಲೆಂದು ಹಿತ್ತಾಳೆಗೆ ಸ್ವಲ್ಪ ಸೀಸ ಬೆರೆಸುವುದು ವಾಡಿಕೆ. ಕ್ರೋಮಿಯಂ ಲೇಪದ ಹೊಳೆಯುವ ನಲ್ಲಿಯ ಒಳಗಿರುವುದು ಹಿತ್ತಾಳೆಯೇ. ಹಳೆಯ ಮನೆಗಳ ಜಿಐ ಪೈಪಿನ ಒಳಗೆ ಬಳಿದ ಸತುವಿನಲ್ಲೂ ಸೀಸ ಕಲ್ಮಶವಾಗಿ ಇರುತ್ತದೆ, ಮತ್ತು ನೀರು 60 ಡಿಗ್ರಿ ದಾಟಿದರೆ ಆ ಸತು ಕಬ್ಬಿಣವನ್ನು ಕಾಪಾಡುವ ಕೆಲಸವನ್ನೂ ಸರಿಯಾಗಿ ಮಾಡುವುದಿಲ್ಲ. ಪಿವಿಸಿ ಪೈಪು ಬಿಸಿಲಿಗೂ ಶಾಖಕ್ಕೂ ಕೆಡದಿರಲೆಂದು ಅದಕ್ಕೆ ಸೀಸದ ಲವಣ ಸೇರಿಸುವ ಪದ್ಧತಿಯಿತ್ತು. ಅದನ್ನು ನಿಲ್ಲಿಸಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿತು. ನಿಯಮಕ್ಕೆ ಮುಂಚೆ ಗೋಡೆಯೊಳಗೆ ಸೇರಿದ ಪೈಪುಗಳು ಗೋಡೆಯೊಳಗೇ ಇವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಸೀಸ. ಈ ಮಿತಿಯೊಳಗೆ ಜಲಮಂಡಳಿಯಿಂದ ಹೊರಟ ನೀರು ಕೂಡ ಮನೆಯ ಗೇಟು ದಾಟಿದ ಮೇಲೆ ಏನೇನು ಸೇರಿಸಿಕೊಳ್ಳುತ್ತದೆ ಎಂಬುದು ಮನೆಯವರ ಪಾಲಿಗೆ ಬಿಟ್ಟದ್ದು.

ಇನ್ನು ಸಿಲಿಂಡರಿನ ಒಳಗಿನ ಸಂಗತಿ. ಸ್ಟೋರೇಜ್ ಗೀಜರಿನ ಉಕ್ಕಿನ ಡಬ್ಬಿಗೆ ಒಳಗಡೆ ಗಾಜಿನಂಥ ಲೇಪ ಇರುತ್ತದೆ, ನಡುವೆ ಮ್ಯಾಗ್ನೀಸಿಯಂ ಸರಳೊಂದು ತೂಗುತ್ತಿರುತ್ತದೆ. ಡಬ್ಬಿಯ ಬದಲು ತಾನು ಸವೆಯುವುದೇ ಆ ಸರಳಿನ ಕೆಲಸ. ಸವೆದದ್ದು ನೀರಿಗೇ ಹೋಗುತ್ತದೆ. ಅದರಿಂದ ಅಪಾಯವಿಲ್ಲ. ಆದರೆ ನೀರಿನಲ್ಲಿ ಸಲ್ಫೇಟ್ ಇದ್ದು, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಜೊತೆಗಿದ್ದರೆ, ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದಕ್ಕಿಂತ ಸಾಮಾನ್ಯವಾದದ್ದು ಸುಣ್ಣ. ಬೆಲ್ಲವೂ ಲೋಹವೂ ಬಿಸಿಯಲ್ಲಿ ಹೆಚ್ಚು ಕರಗಿದರೆ, ಗಡಸು ನೀರಿನ ಸುಣ್ಣ ಬಿಸಿಯಾದಂತೆ ಹೊರಬಿದ್ದು ಕೂರುತ್ತದೆ. ಕೋಲಾರ, ತುಮಕೂರು ಕಡೆಯ ಬೋರ್ ನೀರು ಬಳಸುವ ಮನೆಯ ಗೀಜರನ್ನು ಕೆಲವು ವರ್ಷಗಳ ಬಳಿಕ ಬಿಚ್ಚಿದರೆ ಕಾಯಿಲಿನ ಸುತ್ತ ಬಿಳಿಯ ಹೆಂಟೆ ಕಟ್ಟಿರುತ್ತದೆ, ತಳದಲ್ಲಿ ಕೆಸರು ನಿಂತಿರುತ್ತದೆ. ಪ್ಲಂಬರ್ ಅದನ್ನು ಸಿಮೆಂಟು ಎನ್ನುತ್ತಾನೆ, ತಪ್ಪೇನಿಲ್ಲ. ಕೆಲವೊಮ್ಮೆ ಬಿಸಿನೀರು ಹಾಲಿನಂತೆ ಬೆಳ್ಳಗೆ ಬೀಳುವುದೂ ಉಂಟು. ಲೋಟದಲ್ಲಿಟ್ಟು ನೋಡಿದಾಗ ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿಯ ಗುಳ್ಳೆ, ಚಿಂತೆಯಿಲ್ಲ. ಮೇಲಿನಿಂದ ತಿಳಿಯಾಗಿ ತಳದಲ್ಲಿ ಪುಡಿ ಕೂತರೆ ಸಿಲಿಂಡರು ತೊಳೆಸುವ ಕಾಲ ಬಂದಿದೆ.

ಬೆಚ್ಚಗಿನ ನಿಂತ ನೀರು ಸೂಕ್ಷ್ಮಜೀವಿಗಳಿಗೂ ಇಷ್ಟ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಯೋಧರು ನ್ಯುಮೋನಿಯಾದಂಥ ಕಾಯಿಲೆಗೆ ಒಬ್ಬರ ಹಿಂದೊಬ್ಬರು ಬಲಿಯಾದ ಬಳಿಕ ಪತ್ತೆಯಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಸುಮಾರು 25ರಿಂದ 45 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. 60 ಡಿಗ್ರಿಯಲ್ಲಿ ಸಾಯುತ್ತದೆ. ಅದು ರೋಗ ತರುವುದು ಹನಿಗಳು ಉಸಿರಿನೊಡನೆ ಶ್ವಾಸಕೋಶಕ್ಕೆ ಹೋದಾಗ, ಆದ್ದರಿಂದ ಅದರ ಭಯ ಅಡುಗೆಮನೆಗಿಂತ ಷವರಿನಲ್ಲಿ ಹೆಚ್ಚು. ಇಲ್ಲಿ ಒಂದು ಇಕ್ಕಟ್ಟಿದೆ: ಸೂಕ್ಷ್ಮಜೀವಿ ಸಾಯುವಷ್ಟು ಬಿಸಿಯಿಟ್ಟರೆ ಮಕ್ಕಳ ಕೈ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ, ಕೈ ಸುಡದಷ್ಟು ಇಟ್ಟರೆ ಸೂಕ್ಷ್ಮಜೀವಿ ಬದುಕುತ್ತದೆ. ಮೋಡ ಕವಿದ ಆಷಾಢದಲ್ಲಿ ವಾರಗಟ್ಟಲೆ ಉಗುರುಬೆಚ್ಚಗೆ ಉಳಿಯುವ ಸೋಲಾರ್ ನೀರು ಎರಡನೆಯ ಗುಂಪಿಗೆ ಸೇರಿದ್ದು. ಬೇಸಗೆಯಲ್ಲಿ ತಣ್ಣೀರಿನ ಟ್ಯಾಂಕೂ ಅದೇ ಗುಂಪಿಗೆ ಬರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನ ನೀರು ಚೆನ್ನಾಗಿ ಕಾದಿರುತ್ತದೆ. ಅಲ್ಲಿ ಆಗ ಎರಡೂ ನಲ್ಲಿಯಲ್ಲಿ ಬರುವುದು ಬಿಸಿನೀರೇ. ಅಂಥ ಊರಿನಲ್ಲಿ ಅಡುಗೆಯ ನೀರನ್ನು ಬೆಳಗಿನ ಜಾವ ಹಿಡಿದು ಮಣ್ಣಿನ ಕೊಡದಲ್ಲಿ ತುಂಬಿಡುವ ರೂಢಿಯೇ ಜಾಣತನ.

ಪೈಪಿಗೆ ಮುಂಚಿನ ಕಾಲದಲ್ಲಿ ಈ ಗೊಂದಲವೇ ಇರಲಿಲ್ಲ. ಬಚ್ಚಲ ಮೂಲೆಯಲ್ಲಿ ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆಯ ನೀರು ಮೀಯುವುದಕ್ಕೆ. ಬಾವಿಯಿಂದ ಸೇದಿ ಕೊಡದಲ್ಲಿ ತಂದ ನೀರು ಅಡುಗೆಗೆ. ಹಂಡೆಯಲ್ಲಿ ಸದಾ ಬಿಸಿನೀರಿದ್ದರೂ ಅದನ್ನು ಮೊಗೆದು ತಂದು ಅನ್ನಕ್ಕೆ ಹಾಕುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಕಾರಣ ಕೇಳಿದ್ದರೆ ಮಡಿ ಎಂದೋ ಮೈಲಿಗೆ ಎಂದೋ ಉತ್ತರ ಬರುತ್ತಿತ್ತು. ಸೀಸ, ಸೂಕ್ಷ್ಮಜೀವಿಗಳ ಮಾತು ಅದರಲ್ಲಿಲ್ಲ. ಆದರೂ ಫಲ ಒಂದೇ. ಹಂಡೆಗೆ ಇನ್ನೊಂದು ಅನುಕೂಲವೂ ಇತ್ತು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ: ಆ ದಿನ ಹಂಡೆಯನ್ನು ಒಳಗೂ ಹೊರಗೂ ತಿಕ್ಕಿ ತೊಳೆದು, ಹೂವು ಏರಿಸಿ, ಹೊಸ ನೀರು ತುಂಬುತ್ತಾರೆ. ವರ್ಷಕ್ಕೊಮ್ಮೆಯಾದರೂ ಅದರ ತಳ ಬೆಳಕು ಕಾಣುತ್ತದೆ. ಗೀಜರಿಗೆ ಅಂಥ ಹಬ್ಬವಿಲ್ಲ. ಅದು ಕೆಡುವ ದಿನವೇ ಅದರ ಮುಚ್ಚಳ ಬಿಚ್ಚುವ ದಿನ.

ಅಡುಗೆಗೆ ಬಿಸಿನೀರು ಬೇಡವೆಂದು ಇದರ ಅರ್ಥವಲ್ಲ. ಬಿಸಿನೀರಿಲ್ಲದೆ ಕರ್ನಾಟಕದ ಅಡುಗೆಯೇ ಇಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಊದಿ ಅಂಟು ಬರುತ್ತದೆ, ಆಗಲೇ ರೊಟ್ಟಿ ಹರಿಯದೆ ಬಡಿಸಿಕೊಳ್ಳುತ್ತದೆ. ಮುದ್ದೆಗೂ ಅಕ್ಕಿ ರೊಟ್ಟಿಗೂ ಇದೇ ಗುಟ್ಟು. ಇಲ್ಲಿ ಬೇಕಾದ್ದು ಕೊತಕೊತ ಕುದಿಯುವ ನೀರು. ನಲ್ಲಿಯ 50-55 ಡಿಗ್ರಿಯ ನೀರಿನಿಂದ ಪಿಷ್ಟ ಅರಳುವುದಿಲ್ಲ, ಹೇಗೂ ಒಲೆಯ ಮೇಲಿಡಲೇಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ಮಂಗಳೂರಿಗಿಂತ ಬೇಳೆ ಬೇಯುವುದು ತುಸು ತಡ. ಕುಕ್ಕರ್ ಇರುವವರಿಗೆ ಆ ತಡ ತಟ್ಟುವುದಿಲ್ಲ. ತಣ್ಣೀರು ಬಿಸಿನೀರಿಗಿಂತ ಬೇಗ ಕುದಿಯುತ್ತದೆ ಎಂಬ ಮಾತೊಂದು ಚಾಲ್ತಿಯಲ್ಲಿದೆ, ಅದು ಸುಳ್ಳು. 25 ಡಿಗ್ರಿಯ ನೀರು ಕುದಿಯಬೇಕಾದರೆ 55 ಡಿಗ್ರಿಯನ್ನು ದಾಟಿಯೇ ಹೋಗಬೇಕು. ತಣ್ಣೀರನ್ನು ಸಮರ್ಥಿಸಲು ಇಂಥ ಸುಳ್ಳಿನ ಆಸರೆ ಬೇಕಿಲ್ಲ.

ತಣ್ಣೀರಿನಲ್ಲೇ ಶುರುವಾಗಬೇಕಾದ ಅಡುಗೆಗಳೂ ಇವೆ. ಆಲೂಗಡ್ಡೆಯನ್ನು ಕುದಿಯುವ ನೀರಿಗೆ ಹಾಕಿದರೆ ನಡುವಿನ ತಿರುಳು ಬೇಯುವಷ್ಟರಲ್ಲಿ ಹೊರಗಿನದು ಕರಗಿಹೋಗುತ್ತದೆ. ತಣ್ಣೀರಿನಲ್ಲಿಟ್ಟು ಕಾಯಿಸಿದರೆ ಒಂದೇ ಹದಕ್ಕೆ ಬೇಯುತ್ತದೆ. ಫ್ರೀಜರಿನ ಮಾಂಸ, ಮೀನನ್ನು ಕರಗಿಸಲು ಬಿಸಿನೀರು ಸುರಿದರೆ ನಡುವೆ ಇನ್ನೂ ಗಡ್ಡೆಯಿರುವಾಗಲೇ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಶುರು. ಮಜ್ಜಿಗೆ ಕಡೆಯುವವರ ಲೆಕ್ಕ ಇನ್ನೂ ನಯವಾದದ್ದು: ಬೇಸಗೆಯಲ್ಲಿ ತಣ್ಣೀರು ಬೆರೆಸದಿದ್ದರೆ ಬೆಣ್ಣೆ ಕರಗಿ ತೇಲುತ್ತದೆ, ಚಳಿಗಾಲದಲ್ಲಿ ಸ್ವಲ್ಪ ಬಿಸಿನೀರು ಬೆರೆಸದಿದ್ದರೆ ಎಷ್ಟು ಕಡೆದರೂ ಒಟ್ಟಾಗುವುದಿಲ್ಲ.

ಬಿಸಿನೀರಿನ ನಲ್ಲಿಯ ನಿಜವಾದ ರಾಜ್ಯ ಪಾತ್ರೆ ತೊಳೆಯುವುದರಲ್ಲಿದೆ. ತುಪ್ಪ ಕರಗುವುದು ಮೂವತ್ತು ಡಿಗ್ರಿಯ ಮೇಲೆ, ಕೊಬ್ಬರಿ ಎಣ್ಣೆ 24ರ ಸುಮಾರಿಗೆ. ಮಾಗಿ ಚಳಿಯ ಬೆಳಿಗ್ಗೆ ತಣ್ಣೀರಿನಲ್ಲಿ ಒಗ್ಗರಣೆ ಸೌಟು ಉಜ್ಜಿದರೆ ಜಿಡ್ಡು ಸೌಟಿನಿಂದ ಕೈಗೆ, ಕೈಯಿಂದ ನಾರಿಗೆ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಅಲ್ಲಿ ಬಿಸಿನೀರಿಗೆ ಸಾಟಿಯಿಲ್ಲ. ಆದರೆ ಹಾಲಿನ ಪಾತ್ರೆ, ಮೊಟ್ಟೆ ಅಂಟಿದ ತಟ್ಟೆ, ದೋಸೆ ಹಿಟ್ಟಿನ ಡಬರಿಗೆ ಮೊದಲು ತಣ್ಣೀರು. ಬಿಸಿ ತಗುಲಿದರೆ ಮೊಟ್ಟೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಹಿಟ್ಟು ಅಂಟಾಗಿ ಹಿಡಿದುಕೊಳ್ಳುತ್ತದೆ. ಕೈ ತೊಳೆಯಲು ಯಾವ ನೀರಾದರೂ ನಡೆಯುತ್ತದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಿಸಿನೀರಿಗಿಂತ ತಣ್ಣೀರು ಕೈಯಿಂದ ತೆಗೆದ ಬ್ಯಾಕ್ಟೀರಿಯಾ ಕಡಿಮೆಯೇನೂ ಇರಲಿಲ್ಲ. ಸೋಪು ಹಾಕಿ ಉಜ್ಜಿದರೆ ಸರಿ.

ಬಿಸಿನೀರನ್ನು ಅಡುಗೆಗೆ ಹಿಡಿಯುವ ವಿಷಯದಲ್ಲಿ ಫಿಲ್ಟರ್ ಇದೆಯಲ್ಲ ಎಂಬ ಧೈರ್ಯವೂ ಕೆಲಸಕ್ಕೆ ಬಾರದು. ಆರ್‌ಓ ಯಂತ್ರದ ಪೊರೆ ಸುಮಾರು 40-45 ಡಿಗ್ರಿಗಿಂತ ಬಿಸಿಯಾದ ನೀರಿಗೆ ಕೆಡುತ್ತದೆ. ಪ್ಲಂಬರ್ ಅದನ್ನು ತಣ್ಣೀರಿನ ಪೈಪಿಗೇ ಜೋಡಿಸಿದ್ದಾನೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳಿತು. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು, ತಣ್ಣಗಿದ್ದರೂ ಸರಿ, ಬೆಳಿಗ್ಗೆ ಮೊದಲು ಬಕೆಟ್ಟಿಗೆ ಹಿಡಿದು ಗಿಡಕ್ಕೋ ನೆಲ ಒರೆಸಲೋ ಬಳಸಿ, ಆಮೇಲೆ ಬರುವುದನ್ನು ಅಡುಗೆಗೆ ಹಿಡಿಯಬೇಕು. ನಲ್ಲಿಯ ಮೂತಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳುವ ಚೂರುಗಳಲ್ಲೂ ಲೋಹವಿರುವುದರಿಂದ ಅದನ್ನು ಆಗಾಗ ಬಿಚ್ಚಿ ತೊಳೆಯಬೇಕು.

ಉಳಿದದ್ದು ಗ್ಯಾಸಿನ ಲೆಕ್ಕ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 315 ಕಿಲೋಜೌಲ್ ಶಾಖ ಬೇಕು. ಒಲೆಯ ದಕ್ಷತೆ ಶೇಕಡ 68 ಎಂದಿಟ್ಟುಕೊಂಡರೆ ಅದಕ್ಕೆ ಸುಮಾರು 10 ಗ್ರಾಂ ಗ್ಯಾಸು ಉರಿಯುತ್ತದೆ. ಸೋಲಾರಿನ 55 ಡಿಗ್ರಿಯ ನೀರಾದರೆ 6 ಗ್ರಾಂ ಸಾಕು. ದಿನಕ್ಕೆ ಎಂಟು ಲೀಟರ್ ನೀರು ಕಾಯುವ ಮನೆಯಲ್ಲಿ ತಿಂಗಳಿಗೆ ಒಂದು ಕಿಲೋ ಹತ್ತಿರ, ಅಂದರೆ 14.2 ಕಿಲೋ ಸಿಲಿಂಡರಿನ ಹದಿನಾಲ್ಕನೇ ಒಂದು ಪಾಲು ಉಳಿತಾಯ. ಅದರಿಂದ ಕಳೆಯಬೇಕಾದದ್ದೂ ಇದೆ: ತಾರಸಿಯಿಂದ ಹದಿನೈದು ಮೀಟರ್ ಇಳಿದು ಬರುವ ಅರ್ಧ ಇಂಚಿನ ಪೈಪಿನಲ್ಲಿ ಹತ್ತಿರಹತ್ತಿರ ಎರಡು ಲೀಟರ್ ನೀರು ಆರಿ ನಿಂತಿರುತ್ತದೆ, ಬಿಸಿ ಬರುವವರೆಗೆ ಅದು ಸಿಂಕಿನ ಪಾಲು. 2024ರ ಬೇಸಗೆಯಲ್ಲಿ ಟ್ಯಾಂಕರಿಗೆ ಕಾದು ಕೂತ ಬೆಂಗಳೂರಿನವರಿಗೆ ಎರಡು ಲೀಟರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ತಿಂಗಳಿಗೆ ಒಂದು ಕಿಲೋ ಗ್ಯಾಸು ಹೆಚ್ಚಿಗೆ ಉರಿದರೂ ಅನ್ನ, ಸಾರು, ಕಾಫಿಗೆ ಬಲಗಡೆಯ ನಲ್ಲಿಯೇ ಸರಿ. ಮಗುವಿನ ಹಾಲಿಗಂತೂ ಈ ಲೆಕ್ಕವನ್ನೇ ಹಾಕಬಾರದು.